ಎರಡು ಹೆಸರು

ಸಾವಂತ್ರವ್ವ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಾಗ ಪಂಚಾಯತಿ ಅಧ್ಯಕ್ಷ ಬಂದು ಕಟ್ಟೆಯ ಮೇಲೆ ಕುಳಿತ.

“ಆಯಿ, ಯುದ್ಧದಾಗ ಬಾಂಬ್ ಹಾಕಾಕ ಹೋಗಿ ವಿಮಾನದ ಜೋಡಿ ಬಿದ್ದು ಸತ್ತ ನಿನ್ನ ಮಗ ಗುರುಪಾದನ ಹೆಸರಿನ ಕಲ್ಲು ಸಾಲಿ ಮುಂದ ನಿಲ್ಲಸ್ತೀವಿ.”

“ಎರಡು ಹೆಸರು ಕೆತ್ತಸಪಾ.”

“ಯಾಕ, ವಿಮಾನದಾಗ ನಮ್ಮೂರಾವ ಇನ್ನೊಬ್ಬ ಇದ್ದನೇನು?”

“ವಿಮಾನದಾಗಲ್ಲ, ಕೆಳಗಿದ್ದ. ಗುರುಪಾದನ ಬಾಂಬಿಗೆ ಸತ್ತ ಹುಡುಗ.”

ಅಧ್ಯಕ್ಷ ನಕ್ಕ. “ವೈರಿ ಹುಡುಗನ ಹೆಸರು ಕೆತ್ತಿಸಿದ್ರ ಊರ ಮಂದಿ ನನಗ ಕಲ್ಲು ಒಗೀತಾರ.”

“ಹಂಗಾರ ನನ್ನ ಮಗಂದೂ ಬ್ಯಾಡ.”

ಇಬ್ಬರನ್ನೂ ಒಂದೇ ಹೊಲದಲ್ಲಿ ಮಣ್ಣು ಮಾಡಿದ್ದೇವೆಂದು ಆ ಹುಡುಗನ ತಾಯಿ ಗಡಿಯಾಚೆಯಿಂದ ಬರೆದು ಎಷ್ಟೋ ವರ್ಷಗಳಾಗಿದ್ದವು. ಅಧ್ಯಕ್ಷ ಎದ್ದು ಹೋದ ಸಂಜೆಯೇ ಸಾವಂತ್ರವ್ವ ಆ ಪತ್ರಕ್ಕೆ ಉತ್ತರ ಬರೆದು ಅಂಚೆಗೆ ಹಾಕಿದಳು: “ನಿನ್ನ ಮಗನ ಹೆಸರೇನವ್ವಾ?”