ಎರಡನೇ ಚೌಕದ ಬಣ್ಣ

ನಾಲ್ಕು ಗಂಟೆಯ ಡಯಾಲಿಸಿಸ್ಸನ್ನು ಮೂರು ಗಂಟೆಗೆ ಇಳಿಸಿದರು. ಯಾಕೆ ಎಂದು ಕೇಳಿದವರಿಗೆ ಒತ್ತಡ ನಿರ್ವಹಣೆಯ ತರಬೇತಿ ಕೊಟ್ಟರು.

ಇವತ್ತು ಆರನೇ ಮಂಚದ ಮೀನಜ್ಜನ ಸರದಿ. ಎರಡೂ ಕಿಡ್ನಿ ಕೈಕೊಟ್ಟ ಮುದುಕ. ಮೂವತ್ತು ವರ್ಷ ಸಮುದ್ರದಲ್ಲಿ ಮುಳುಗಿ, ಹವಳದ ದಿಬ್ಬಗಳ ಆರೋಗ್ಯ ನೋಡಿ ವರದಿ ಬರೆದವನೆಂದು ವಾರ್ಡಿನವರು ಆ ಹೆಸರಿಟ್ಟಿದ್ದರು. ಎಡತೋಳಿಗೆ ಚುಚ್ಚಿದ ಎರಡು ಸೂಜಿಗಳಲ್ಲಿ ಒಂದರಿಂದ ರಕ್ತ ಮಷಿನ್ನಿಗೆ ಹೋಗಿ, ತೊಳೆಸಿಕೊಂಡು, ಇನ್ನೊಂದರಿಂದ ವಾಪಸ್ ಬರುತ್ತಿತ್ತು. ಗಂಟೆ ಇಳಿಸಿದ ಮೂರೇ ವಾರಕ್ಕೆ ಮೈಯಲ್ಲಿ ನೀರು ನಿಂತು ಅವನ ಪಾದ ಊದಿ ಚಪ್ಪಲಿಗೆ ಹಿಡಿಸದಂತಾಗಿತ್ತು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು.

ತರಬೇತಿಯ ಮೇಡಂ ಸ್ಟೂಲು ಎಳೆದುಕೊಂಡು ಕೂತರು. ಎದುರುಗೋಡೆಗೆ ಹೊಸದಾಗಿ ಅಂಟಿಸಿದ ಚಿತ್ರದತ್ತ ಕೈ ತೋರಿಸಿದರು. ನೀಲಿ ನೀರು, ಅದರಡಿ ಬೆಳ್ಳಗೆ ಹೊಳೆಯುವ ಹವಳ.

"ಅದನ್ನೇ ನೋಡ್ತಾ ನಿಧಾನಕ್ಕೆ ಉಸಿರು ಬಿಡಿ ಅಜ್ಜ. ಎಷ್ಟು ಶಾಂತವಾಗಿದೆ ನೋಡಿ!"

"ಶಾಂತ ಅಲ್ಲ ಮೇಡಂ, ಸಾಯ್ತಾ ಇದೆ."

"ಅಯ್ಯೋ, ಇಷ್ಟು ಚೆನ್ನಾಗಿದೆಯಲ್ಲ?"

"ಚೆನ್ನಾಗಿರೋ ಹವಳ ಕಂದು ಬಣ್ಣ ಇರುತ್ತೆ. ಅದರೊಳಗೆ ಒಂಥರಾ ಪಾಚಿ ಬಾಡಿಗೆಗಿರುತ್ತೆ, ಹವಳಕ್ಕೆ ಅನ್ನ ಹಾಕೋದೇ ಅದು. ನೀರು ಕಾದ್ರೆ ಹವಳ ಅದನ್ನ ಹೊರಗೆ ಹಾಕಿ ಹಿಂಗೆ ಬೆಳ್ಳಗಾಗುತ್ತೆ. ಅದಕ್ಕೂ ಒತ್ತಡ ಅಂತಾನೇ ಹೇಳ್ತಾರೆ. ಆದ್ರೆ ನೀರು ತಣ್ಣಗಾಗಲಿ ಅಂತಾರೆಯೇ ಹೊರತು, ಹವಳಕ್ಕೆ ಉಸಿರು ಬಿಡೋದು ಯಾರೂ ಹೇಳಿಕೊಡಲ್ಲ."

ಮಷಿನ್ನಿನ ಪಕ್ಕ ನಿಂತಿದ್ದ ಸಿಸ್ಟರ್ ತುಟಿ ಕಚ್ಚಿ ನಗು ನುಂಗಿಕೊಂಡಳು. ಮೇಡಂ ಮುಖ ಬಿಗಿಯಾಯಿತು.

"ಚಿತ್ರ ಬಿಡಿ. ಕಣ್ಣು ಮುಚ್ಚಿ, ನಿಮಗೆ ಖುಷಿ ಕೊಟ್ಟ ಜಾಗ ನೆನಪು ಮಾಡ್ಕೊಳ್ಳಿ."

ಮೀನಜ್ಜ ಕಣ್ಣು ಮುಚ್ಚಿದ. ಈ ಕೆಲಸಕ್ಕೆ ಅವನಿಗೆ ಯಾರ ತರಬೇತಿಯೂ ಬೇಕಿರಲಿಲ್ಲ.

ದೋಣಿಯ ಅಂಚಿನಿಂದ ಬೆನ್ನಡಿಯಾಗಿ ಬೀಳುವುದು. ಮುಂದೆ ಭಾವ, ಅಕ್ಕನ ಗಂಡ, ಮುಳುಗುವುದನ್ನು ಕಲಿಸಿದವನು. ತಲೆ ಒಳಗೆ ಹೋಗುತ್ತಲೇ ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಚಟಪಟ, ಸಾವಿರಾರು ಸೀಗಡಿಗಳ ಗದ್ದಲ. ಆ ಸದ್ದು ಕಿವಿಗೆ ಬಿತ್ತೆಂದರೆ ದಿಬ್ಬ ಬದುಕಿದೆ ಎಂದು ಅರ್ಥ. ನಟ್ಟನಡುವೆ, ಲಾರಿಯ ಚಕ್ರದಷ್ಟು ಅಗಲದ, ಮೈಯೆಲ್ಲ ಸುಕ್ಕುಗಟ್ಟಿದ ಒಂದು ಹವಳ. ಇಬ್ಬರೂ ಅದನ್ನು ಅಜ್ಜಿ ಎನ್ನುತ್ತಿದ್ದರು. ಆರು ಚೌಕಗಳ ಬಣ್ಣದ ಕಾರ್ಡನ್ನು ಭಾವ ಅಜ್ಜಿಯ ಕೆನ್ನೆಗೆ ಹಿಡಿದು ಹೊಂದಿಸಿ ನೋಡುತ್ತಿದ್ದ. ಒಂದನೇ ಚೌಕ ಬಿಳಿ, ಆರನೆಯದು ಗಟ್ಟಿ ಕಂದು. ಆಮೇಲೆ ಐದು ಬೆರಳು ಬಿಡಿಸಿ ತೋರಿಸುತ್ತಿದ್ದ. ಇವನು ಸ್ಲೇಟಿನ ಮೇಲೆ ಐದು ಎಂದು ಗೀಚುತ್ತಿದ್ದ. ಹನ್ನೊಂದು ವರ್ಷ ಐದು! ಮೇಲೆ ಬಂದು ದೋಣಿಯಲ್ಲಿ ಕಾಲು ಚಾಚಿ, "ನಿಮ್ಮಕ್ಕನಿಗಿಂತ ಈ ಅಜ್ಜಿಯೇ ವಾಸಿ ಕಣೋ, ಮಾತಾಡಲ್ಲ" ಎಂದು ಭಾವ ಹೊಟ್ಟೆ ಕುಣಿಸಿ ನಗುತ್ತಿದ್ದ.

ಸಮುದ್ರ ಕಾದ ವರ್ಷ ಭಾವ ಎರಡೇ ಬೆರಳು ತೋರಿಸಿದ. ಐದು ಅಂತಲೇ ಬರೀರಿ ಎಂದರು ಕಚೇರಿಯ ಸಾಹೇಬರು. ಬಂದರಿನ ಹೂಳೆತ್ತುವ ಕೆಲಸ ಆ ತಿಂಗಳೇ ಶುರುವಾಗಬೇಕಿತ್ತು; ಎರಡು ಎಂದು ಬರೆದರೆ ಅದು ನಿಲ್ಲುತ್ತಿತ್ತು. ಭಾವ ಪೆನ್ನು ಮುಟ್ಟಲಿಲ್ಲ. ಇವನು ಬರೆದ. ಎದ್ದ ಕೆಸರೆಲ್ಲ ಹೋಗಿ ಅಜ್ಜಿಯ ಮೇಲೆ ಕೂತಿತು. ಮರುವರ್ಷ ಇವನು ಇಳಿದಾಗ ನೀರಿನೊಳಗೆ ಸಾಸಿವೆ ಸಿಡಿಯಲಿಲ್ಲ. ಮುಂದೆ ಈಜುವ ಭಾವನೂ ಇರಲಿಲ್ಲ. ಅವನು ಮತ್ತೆಂದೂ ಇವನ ಜೊತೆ ದೋಣಿ ಹತ್ತಲಿಲ್ಲ.

ಮಷಿನ್ ಕುಂಯ್‌ಗುಟ್ಟಿತು. ಮೂರು ಗಂಟೆ ಮುಗಿದಿತ್ತು.

"ನೋಡಿ, ಮುಖ ಎಷ್ಟು ಹಗುರಾಗಿದೆ!" ಮೇಡಂ ಒಂದು ಫಾರಂ ಮುಂದೆ ಹಿಡಿದರು. "ಈಗ ಹೇಗಿದ್ದೀರಿ ಅಂತ ಒಂದರಿಂದ ಆರರೊಳಗೆ ಬರೀಬೇಕು. ನಿಮಗ್ಯಾಕೆ ತೊಂದರೆ ಅಂತ ನಾನೇ ಐದು ಹಾಕಿದೀನಿ, ಸಹಿ ಮಾಡಿ ಸಾಕು. ಎಲ್ಲರದ್ದೂ ಐದು ಬಂದ್ರೆ ಮೂರು ಗಂಟೇನೇ ಖಾಯಂ ಆಗುತ್ತೆ. ನಿಮಗೂ ಬೇಗ ಮನೆ."

ಮೀನಜ್ಜ ಬಲಗೈಗೆ ಪೆನ್ನು ತಗೊಂಡ. ಆ ಐದನ್ನು ಹೊಡೆದುಹಾಕಿ, ಪಕ್ಕದಲ್ಲಿ ದೊಡ್ಡದಾಗಿ ಎರಡು ಎಂದು ಬರೆದ.

"ಹೀಗೆಲ್ಲ ತಿದ್ದೋ ಹಾಗಿಲ್ಲ ಅಜ್ಜ!"

"ಒಂದ್ಸಲ ಹೇಳಿದ ಹಾಗೇ ಐದು ಅಂತ ಬರೆದಿದ್ದೆ ಮೇಡಂ. ಅಜ್ಜಿ ಹೋದಳು."

"ಯಾವ ಅಜ್ಜಿ? ಏಳಿ ಏಳಿ, ಹೊರಗೆ ಇನ್ನೊಬ್ಬರು ಕಾಯ್ತಿದ್ದಾರೆ."

"ಅವರಿಗೂ ನಾಲ್ಕು ಗಂಟೇನೇ ಬೇಕು. ಅವರನ್ನ ನನ್ನ ಮೇಲೆ ಎತ್ತಿಕಟ್ಟಬೇಡಿ. ಅಲ್ಲಿ ಮೂಲೇಲಿ ಎರಡು ಮಷಿನ್‌ಗೆ ಬಟ್ಟೆ ಹೊದಿಸಿ ಮಲಗಿಸಿದ್ದೀರಲ್ಲ, ಅವುಗಳನ್ನ ಎಬ್ಬಿಸಿ. ನಾನು ಏಳಲ್ಲ."

ಮೇಡಂ ಸ್ಟೂಲು ಹಿಂದಕ್ಕೆ ತಳ್ಳಿ ಎದ್ದರು. "ಸಿಸ್ಟರ್, ಇವರ ಸೂಜಿ ತೆಗೀರಿ."

ಸಿಸ್ಟರ್ ಬಗ್ಗಿ, ಮೀನಜ್ಜನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಗುಳಿ ಬಿತ್ತು. ಮೂವರೂ ನೋಡುತ್ತಲೇ ಇದ್ದರು. ಗುಳಿ ತುಂಬಿಕೊಳ್ಳಲಿಲ್ಲ.

"ನಾನು ತೆಗೆಯಲ್ಲ ಮೇಡಂ," ಎಂದು ಅವಳು ಮಷಿನ್ನಿಗೆ ಇನ್ನೊಂದು ಗಂಟೆ ಕೂಡಿಸಿದಳು. "ಇವರು ಬರೆದಿರೋದು ಸರಿಯಾಗಿದೆ."