ಮಹಡಿಯ ಮೇಲಿನ ತಂತಿ

ಕೇಬಲ್‌ನ ತುದಿ ಸೆಟ್‌ಟಾಪ್ ಬಾಕ್ಸಿಗೆ ಇನ್ನೂ ಸರಿಯಾಗಿ ತಾಗಿರಲೇ ಇಲ್ಲ, ಚಟ್ಟೆಂದು ನೀಲಿ ಕಿಡಿ ಹಾರಿತು. ಗಂಗರಾಜು ಕೈ ಕೊಡವಿಕೊಂಡು ಹಿಂದಕ್ಕೆ ಸರಿದ. ಹೆಬ್ಬೆರಳಿನಿಂದ ಮೊಣಕೈವರೆಗೂ ಜುಮ್ಮೆನ್ನುತ್ತಿತ್ತು.

ಸ್ವಿಚ್ಚುಗಳನ್ನೆಲ್ಲ ಅವನೇ ಆಫ್ ಮಾಡಿದ್ದ. ಟೀವಿಯ ಪಕ್ಕ ಕಂಪ್ಯೂಟರ್ ಇಟ್ಟು, ಬಾಕ್ಸಿನಿಂದ ಅದಕ್ಕೊಂದು ವೈರ್ ಎಳೆದು, ಇನ್ನು ಕೇಬಲ್ ಸಿಕ್ಕಿಸಿದರೆ ಮುಗಿಯಿತು ಎನ್ನುವಷ್ಟರಲ್ಲಿ ಹೀಗಾಗಿತ್ತು. ಅವನ ಹೆಂಡತಿ ತನುಜ ಗೌರಿಬಿದನೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳು ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಅವಳಿಷ್ಟದ ತೆಲುಗು ಧಾರಾವಾಹಿ ಮುಗಿದುಹೋಗಿರುತ್ತಿತ್ತು. ಕಂಪ್ಯೂಟರಿನಲ್ಲಿ ಅದು ತಾನೇ ರೆಕಾರ್ಡ್ ಆಗಿರಲಿ, ಬಂದು ನೋಡಿಕೊಳ್ಳಲಿ ಎಂದು ಅವಳಿಗೆ ಒಂದು ಮಾತೂ ಹೇಳದೆ ಬೆಳಗ್ಗೆಯಿಂದ ಕೂತಿದ್ದ. ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಅವನಿಗೆ ರಜೆ ಸಿಗುವುದು ಭಾನುವಾರ ಮಾತ್ರ. ಈ ಭಾನುವಾರ ತನುಜಳೂ ಮನೆಯಲ್ಲೇ ಇದ್ದಳು.

ಕಂಪ್ಯೂಟರ್, ಟೀವಿ, ಬಾಕ್ಸು, ಎಲ್ಲದರ ಪ್ಲಗ್ಗನ್ನೂ ಕಿತ್ತ. ಗೋಡೆಯ ತೂತಿನಿಂದ ಒಳಗೆ ಬಂದಿದ್ದ ಕೇಬಲ್ ಈಗ ಯಾವುದಕ್ಕೂ ಅಂಟಿಕೊಳ್ಳದೆ ನೆಲದ ಮೇಲೆ ಬಿದ್ದಿತ್ತು. ಅದರ ತುದಿಗೆ ಟೆಸ್ಟರ್ ಹಿಡಿದ. ದೀಪ ಹತ್ತಿತು.

ಹಾಗಾದರೆ ಈ ಕರೆಂಟು ಮನೆಯದಲ್ಲ, ಹೊರಗಿನದು. ನಿನ್ನೆಯ ಗಾಳಿಗೆ ಕೇಬಲ್ಲು ಎಲ್ಲೋ ಕಂಬದ ಹತ್ತಿರ ಕರೆಂಟಿನ ತಂತಿಯ ಮೇಲೆ ಬಿದ್ದಿರಬೇಕು. ಮಹಡಿಯ ಮೇಲೆ ಕೇಬಲ್ಲನ್ನು ಎತ್ತಿ ಹಿಡಿದಿರುವುದು ತಲೆಗಿಂತ ತುಸು ಮೇಲಿರುವ ಒಂದು ಬರಿಯ ಕಬ್ಬಿಣದ ತಂತಿ. ಅದರಲ್ಲೂ ಕರೆಂಟು ಹರಿಯುತ್ತಿದ್ದರೆ? ಅದೇ ಗಾಳಿಗೆ ಬಟ್ಟೆ ಒಣಹಾಕುವ ಹಗ್ಗವೂ ಕಿತ್ತುಹೋಗಿತ್ತು. “ಒಂದು ಹಗ್ಗ ಕಟ್ಟಕ್ಕಾಗಲ್ವಾ ನಿಮ್ಗೆ? ಬಿಡಿ, ಆ ತಂತಿ ಮೇಲೇ ಹಾಕ್ತೀನಿ” ಎಂದು ರೇಗಿ, ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು ತನುಜ ಈಗತಾನೆ ಮೇಲೆ ಹೋಗಿದ್ದಳು.

ಮೆಟ್ಟಿಲನ್ನು ಹೇಗೆ ಹತ್ತಿದನೋ ಅವನಿಗೇ ತಿಳಿಯದು. ಮಹಡಿಯ ತಗಡಿನ ಬಾಗಿಲಿಗೆ ಆಚೆಯಿಂದ ಅಗುಳಿ ಬಿದ್ದಿತ್ತು. ಕೋತಿಗಳು ಮನೆಯೊಳಗೆ ಇಳಿಯದಿರಲೆಂದು ಅವಳು ಯಾವಾಗಲೂ ಹಾಗೆ ಹಾಕಿಕೊಳ್ಳುವಳು.

“ತನುಜಾ, ತಂತಿ ಮುಟ್ಬೇಡ ಕಣೇ!”

“ಗೊತ್ತು ಬಿಡಿ. ಬಟ್ಟೆ ಹಾಕಿದ್ರೆ ನಿಮ್ಮ ಟೀವಿ ಸಿಗ್ನಲ್ ಹೋಗತ್ತೆ. ಹೋದ ವಾರ ಹಗ್ಗ ಸಾಲದೆ ಹಾಕಿದಾಗ್ಲೂ ಇದೇ ಹೇಳಿದ್ರಿ.”

“ಟೀವಿ ಅಲ್ವೇ, ಕರೆಂಟು! ಅದರಲ್ಲಿ ಕರೆಂಟ್ ಬರ್ತಿದೆ!”

“ಕೇಬಲ್ಲಲ್ಲಿ ಎಲ್ಲಾದ್ರೂ ಕರೆಂಟ್ ಬರತ್ತಾ? ಏನೇನೋ ಹೇಳ್ಬೇಡಿ.”

ಒದ್ದೆ ಬೆಡ್‌ಶೀಟನ್ನು ಫಟಾರನೆ ಕೊಡವಿದ ಸದ್ದು ಬಂತು. ಗಂಗರಾಜು ಮಂಡಿಯೂರಿ ಬಾಗಿಲಿನ ಕೆಳಗಿನ ಸಂದಿಗೆ ಕಣ್ಣಿಟ್ಟ. ನೀರು ಹರಡಿದ ನೆಲದಲ್ಲಿ ಅವಳ ಬರಿಗಾಲುಗಳು ಕಾಣುತ್ತಿದ್ದವು. ನೋಡುತ್ತಿದ್ದಂತೆ ಹಿಮ್ಮಡಿಗಳು ನೆಲ ಬಿಟ್ಟು ಮೇಲೆದ್ದವು. ಅವಳು ತುದಿಗಾಲಲ್ಲಿ ನಿಂತಿದ್ದಳು.

ಕೂಗಬೇಕೆಂದು ಬಾಯಿ ತೆರೆದ. “ಅಮ್ಮಾ” ಎಂಬುದೊಂದೇ, ಚಿಕ್ಕ ಮಗು ಕೂಗಿಕೊಂಡಂತೆ, ಗಂಟಲು ಹರಿದುಕೊಂಡು ಬಂತು. ಬಾಗಿಲನ್ನು ಎರಡೂ ಕೈಯಿಂದ ಬಡಿದ. ಆಚೆ ಯಾವ ಸದ್ದೂ ಇಲ್ಲ. ಮತ್ತೆ ಸಂದಿಗೆ ಬಗ್ಗಿ ನೋಡಿದರೆ ಕಾಲುಗಳೂ ಇಲ್ಲ.

ಅಗುಳಿ ಸರಿಯಿತು.

“ರೀ, ಯಾಕ್ರೀ ಅಳ್ತಿದ್ದೀರ?” ಬೆಡ್‌ಶೀಟು ಅವಳ ಹೆಗಲ ಮೇಲೇ ನೀರಿಳಿಸುತ್ತಿತ್ತು.

ತಾನು ಅಳುತ್ತಿರುವುದು ಗಂಗರಾಜುವಿಗೆ ಆಗಲೇ ಗೊತ್ತಾದದ್ದು. ಅವಳನ್ನು ಬಾಗಿಲ ಬಳಿಯೇ ನಿಲ್ಲಿಸಿ, ತಾನು ಹೋಗಿ ತಂತಿಗೆ ಟೆಸ್ಟರ್ ಮುಟ್ಟಿಸಿದ. ಬಿಸಿಲಿಗೆ ಅಂಗೈ ಮರೆ ಮಾಡಿ ತೋರಿಸಿದ. ದೀಪ ಕೆಂಪಗೆ ಉರಿಯುತ್ತಿತ್ತು.

ತನುಜ ದೀಪವನ್ನು ನೋಡಿದಳು. ಆಮೇಲೆ ತಂತಿಯನ್ನು ನೋಡಿದಳು. ಅದು ಅವರ ಮಹಡಿಗೆ ಮುಗಿದಿರಲಿಲ್ಲ. ಪಕ್ಕದ ಮಹಡಿ, ಅದರಾಚೆಯದು, ಹೀಗೆ ಬೀದಿಯುದ್ದಕ್ಕೂ ಹೋಗಿತ್ತು. ಮೂರನೆಯ ಮನೆಯ ಮಹಡಿಯಲ್ಲಿ ರಿಟೈರಾದ ಟೀಚರ್ ಕಮಲಮ್ಮ ಸೀರೆ ಹಿಂಡುತ್ತ ನಿಂತಿದ್ದರು.

“ಮಿಸ್ಸೇ! ತಂತಿ ಮುಟ್ಬೇಡಿ!”

“ಏನಮ್ಮಾ? ಕೇಳಿಸ್ತಿಲ್ಲ!” ಕಮಲಮ್ಮ ಕಿವಿಗೆ ಕೈ ಇಟ್ಟುಕೊಂಡು ತಂತಿಯ ಕಡೆಗೇ ನಾಲ್ಕು ಹೆಜ್ಜೆ ಬಂದರು.

“ಕೂತ್ಕೊಳ್ಳಿ! ಅಲ್ಲೇ ಕೂತ್ಕೊಳ್ಳಿ ಮಿಸ್ಸೇ!” ತನುಜ ಎರಡೂ ಕೈಯಿಂದ ನೆಲ ತೋರಿಸುತ್ತ ಕಿರುಚಿದಳು. ಏನರ್ಥವಾಯಿತೋ, ಆ ಹಿರಿಯ ಹೆಂಗಸು ಇದ್ದ ಜಾಗದಲ್ಲೇ, ಸುಡುವ ಮಹಡಿಯ ಮೇಲೆ, ಒದ್ದೆ ಸೀರೆಯನ್ನು ಮಡಿಲಿಗೆ ಹಾಕಿಕೊಂಡು ಕೂತುಬಿಟ್ಟರು.

ಗಂಗರಾಜು ಕರೆಂಟ್ ಆಫೀಸಿಗೆ ಫೋನ್ ಮಾಡಿದ. ಬೀದಿಯ ಕರೆಂಟು ಹೋಗುವವರೆಗೂ ಇಬ್ಬರೂ ಒಂದೊಂದು ಮಹಡಿಯತ್ತ ಕೂಗುತ್ತಲೇ ಇದ್ದರು. ಲೈನ್‌ಮನ್ ಬಂದು ಕಂಬ ಹತ್ತಿ, ಕರೆಂಟಿನ ತಂತಿಗೆ ಸಿಕ್ಕಿಕೊಂಡಿದ್ದ ಕೇಬಲ್ಲನ್ನು ಬಿಡಿಸಿ, ದೂರಕ್ಕೆ ಎಳೆದು ಕಟ್ಟಿದ. “ಇನ್ನೇನೂ ಆಗಲ್ಲ, ಮುಟ್ಬೋದು!” ಎಂದು ಮೇಲಿನಿಂದಲೇ ಕೂಗಿ ಹೇಳಿದ.

ಗಂಗರಾಜು ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ತನುಜ ಬಂದು ಅವನ ಮುಂದೆ ನಿಂತಳು.

“ಏಳಿ” ಎಂದು ಒದ್ದೆ ಕೈ ಚಾಚಿದಳು.

ಅವನೂ ಕೈ ಚಾಚಿದ. ಬೆರಳು ಬೆರಳಿಗೆ ತಾಗುವ ಮೊದಲೇ ಬೆಚ್ಚಿ ಹಿಂದಕ್ಕೆ ಎಳೆದುಕೊಂಡ.