ಯಾರೂ ಮುಟ್ಟದ ನಾಣ್ಯ

ಹಂಸ ಮಿಸ್ ಬೆರಳಿನಿಂದ ರಟ್ಟನ್ನು ಚಿಮ್ಮಿದಾಗ ಅದರ ಮೇಲಿದ್ದ ನಾಣ್ಯ ನೇರವಾಗಿ ಲೋಟದೊಳಗೆ ಬಿತ್ತು. “ಬಲ ಬೀಳದೆ ಯಾವ ವಸ್ತುವೂ ತಾನಾಗಿ ಅಲುಗಲ್ಲ. ಇದೇ ಜಡತ್ವ,” ಎನ್ನುತ್ತ ಅವರು ಮತ್ತೆ ಲೋಟದ ಮೇಲೆ ರಟ್ಟು, ನಾಣ್ಯ ಜೋಡಿಸಿದರು. ಎಲ್ಲರೂ ನೋಡುತ್ತಿದ್ದಂತೆಯೇ ನಾಣ್ಯ ನಡುಗುತ್ತ ಅಂಚಿಗೆ ಸರಿದು ನೆಲಕ್ಕುರುಳಿತು.

“ನಾ ಮುಟ್ಟಿಲ್ರೀ ಮಿಸ್,” ಎಂದಳು ಮುಂದಿನ ಬೆಂಚಿನ ಅಯ್ಯಮ್ಮ.

ಹಂಸ ಮೇಜಿನ ಮೇಲೆ ಅಂಗೈ ಇಟ್ಟರು. ಮೇಜು ಅದುರುತ್ತಿತ್ತು. ಜೋಗುಪಾಳ್ಯದ ಆ ಹಳೆಯ ಶಾಲೆಯ ಗೋಡೆಗೆ ತಾಗಿಯೇ ಪಕ್ಕದ ಸೈಟಿನವರು ಪಾಯ ಅಗೆಯುತ್ತಿದ್ದರು. ಕಿಟಕಿಯ ಕೆಳಗೆ ಹೊಸ ಬಿರುಕು ಬಿಟ್ಟಿತ್ತು. “ಬ್ಯಾಗ್ ಬಿಡಿ. ಎಲ್ರೂ ಹೊರಗೆ ನಡೀರಿ.”

ಅಯ್ಯಮ್ಮ ಮಾತ್ರ ಕಿಟಕಿಗೆ ಓಡಿದಳು. “ಕೆಳಗ ಪಾಯದ ತೆಗ್ಗಿನಾಗ ನಮ್ಮವ್ವ ಕೆಲ್ಸ ಮಾಡಾಕತ್ತಾಳ್ರೀ.”

ಹಂಸ ಅವಳನ್ನು ಹಿಂದಕ್ಕೆಳೆದು, ಕೆಳಗಿದ್ದ ಅವ್ವನಿಗೆ ದೂರ ಹೋಗುವಂತೆ ಕೈಬೀಸಿ ಕೂಗಿದರು. ಯಂತ್ರದ ಸದ್ದಿನಲ್ಲಿ ಏನೂ ಕೇಳದ ಅವ್ವ, ಕೈಬೀಸಿ ಹತ್ತಿರ ಕರೆಯುತ್ತಿದ್ದಾರೆಂದುಕೊಂಡು, ನಗುತ್ತ ಗೋಡೆಯ ಬುಡಕ್ಕೇ ಬಂದು ನಿಂತಳು.